ಹಿಮ್ಮಡಿ ಜಾರದಿರಲಿ: ರ‍್ಯಾಲಿ ಕಾರಿನ ನೆಲಕ್ಕೆ ಏನು ಹಾಸಬೇಕು?

ಕಾಸರಗೋಡಿನ ಕಡೆ ಜೂನ್ ಬಂತೆಂದರೆ ಅಂಗಳಕ್ಕೆ ಮಡಲು ಬೀಳುತ್ತದೆ. ಪಾಚಿ ಕಟ್ಟಿದ ಮುರಕಲ್ಲಿನ ಮೇಲೆ ತೆಂಗಿನ ಮಡಲನ್ನೋ ಅಡಿಕೆ ಮರದ ಸೀಳನ್ನೋ ಹಾಸಿ ಹಟ್ಟಿಗೆ ಹೋಗಿಬರುವಷ್ಟು ದಾರಿ ಮಾಡಿಕೊಳ್ಳುತ್ತಾರೆ. ಇಡೀ ಅಂಗಳಕ್ಕೆ ಯಾರೂ ಹಾಸುವುದಿಲ್ಲ. ಕಾರಿನ ನೆಲದ ವಿಷಯದಲ್ಲಿ ನನಗೆ ಇದೇ ಬುದ್ಧಿ ಬರಲು ಎರಡು ಮಳೆಗಾಲ ಬೇಕಾಯಿತು.

ಮೊದಲ ಮಳೆಗಾಲದಲ್ಲಿ ನನ್ನ ಹಳೆಯ ಮಾರುತಿ ಎಸ್ಟೀಮಿಗೆ ಗೀರುಗೀರಿನ ರಬ್ಬರ್ ಹಾಸನ್ನು ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಹೊದೆಸಿದ್ದೆ. ಬದಿಯಡ್ಕದ ಹತ್ತಿರ ಒಂದು ಮೈದಾನದಲ್ಲಿ ಅಭ್ಯಾಸ ಮಾಡುವಾಗ ಬೂಟಿನ ಕೆಂಪು ಕೆಸರು ಆ ಗೀರುಗಳಲ್ಲಿ ತುಂಬಿಕೊಂಡಿತು. ಬ್ರೇಕ್ ಒತ್ತಿದಾಗ ಹಿಮ್ಮಡಿ ಸರ್ರನೆ ಮುಂದೆ ಜಾರಿ, ಬೂಟಿನ ತುದಿ ಪೆಡಲಿನ ಅಡಿಗೆ ಸಿಕ್ಕಿಕೊಂಡಿತು. ಕಾರು ಗೇರು ಮರಗಳ ನಡುವೆ ಹೋಗಿ ನಿಂತಿತು. ಹಣ್ಣಿನ ಕಾಲವೂ ಆಗಿರಲಿಲ್ಲ.

ಮೊದಲು ಕೀಳುವ ಕೆಲಸ

ಸಲಕರಣೆ ಹಿಡಿಯುವ ಮುನ್ನ ನೀವು ಸ್ಪರ್ಧಿಸುವ ವಿಭಾಗದ ನಿಯಮ ಓದಿಕೊಳ್ಳಿ. ದೇಶದಲ್ಲಿ ಮೋಟಾರು ಕ್ರೀಡೆಗೆ ನಿಯಮ ಮಾಡುವುದು ಎಫ್‌ಎಂಎಸ್‌ಸಿಐ. ಒಳಗಿನದನ್ನು ಎಷ್ಟು ಕಳಚಬಹುದು ಎಂಬುದು ವಿಭಾಗದಿಂದ ವಿಭಾಗಕ್ಕೆ ಬೇರೆಯಾಗುತ್ತದೆ. ಕಿತ್ತ ಕಾರ್ಪೆಟ್ಟನ್ನು ತಪಾಸಣೆಯ ದಿನ ಮತ್ತೆ ಅಂಟಿಸುತ್ತಾ ಕೂರುವ ಪಾಡು ಬೇಡ.

ಅನುಮತಿ ಇದ್ದರೆ ಕಾರ್ಪೆಟ್, ಅದರ ಅಡಿಯ ನಾರಿನ ಹಾಸು, ಸದ್ದು ತಡೆಯಲು ಅಂಟಿಸಿದ ಡಾಂಬರಿನ ಹಾಳೆ, ಎಲ್ಲವೂ ಹೊರಗೆ. ನಮ್ಮ ಮಳೆಯಲ್ಲಿ ಕಾರ್ಪೆಟ್ ನೀರು ಕುಡಿದು ಎಷ್ಟು ಭಾರವಾಗುತ್ತದೆಂದು ತಿಳಿಯಬೇಕಾದರೆ ಒಮ್ಮೆ ಅದನ್ನು ಅಡಿಕೆ ತೂಗುವ ತಕ್ಕಡಿಗೆ ಹಾಕಿ ನೋಡಿ. ಡಾಂಬರಿನ ಹಾಳೆ ಕೀಳಲು ಕೆಲವರು ಡ್ರೈ ಐಸ್ ಬಳಸುತ್ತಾರೆ. ಮೈನಸ್ 78 ಡಿಗ್ರಿಯ ಆ ತಂಪಿಗೆ ಹಾಳೆ ಬಿರುಸಾಗಿ, ಸುತ್ತಿಗೆ ತಾಗಿಸಿದರೆ ಹಪ್ಪಳದಂತೆ ಒಡೆಯುತ್ತದೆ. ಮೀನು ಮಾರುಕಟ್ಟೆಯ ಮಂಜುಗಡ್ಡೆಯಿಂದ ಆಗುವ ಕೆಲಸ ಇದಲ್ಲ. ನಾನು ಬಿಸಿಗಾಳಿಯ ಗನ್ನು ಮತ್ತು ಅಗಲದ ಉಳಿ ಹಿಡಿದು ಒಂದು ಭಾನುವಾರ ಕಳೆದೆ. ಬೆತ್ತಲಾದ ತಗಡಿಗೆ ಕೂಡಲೇ ಪ್ರೈಮರ್ ಮತ್ತು ಬಣ್ಣ ಹಚ್ಚಬೇಕು. ಕಡಲ ಗಾಳಿಯ ಉಪ್ಪು ಕಾಯುತ್ತಾ ಕೂರುವುದಿಲ್ಲ.

ಹಿಮ್ಮಡಿಗೆ ಸೀಮೆಸುಣ್ಣ

ಹಾಸು ಎಲ್ಲಿಗೆ ಬೇಕು? ಬೂಟು ಹಾಕಿ, ಹಿಮ್ಮಡಿಗೆ ಸೀಮೆಸುಣ್ಣ ಚೆನ್ನಾಗಿ ಉಜ್ಜಿ, ಬೆಲ್ಟ್ ಬಿಗಿದು ಕುಳಿತುಕೊಳ್ಳಿ. ಕ್ಲಚ್, ಬ್ರೇಕ್, ಆಕ್ಸಿಲರೇಟರ್‌ಗಳನ್ನು ಓಟದಲ್ಲಿ ತುಳಿಯುವ ಹಾಗೆಯೇ ಹತ್ತಾರು ಸಲ ತುಳಿಯಿರಿ. ಇಳಿದು ನೋಡಿದರೆ ನೆಲದ ಮೇಲೆ ಬಿಳಿ ಗುರುತು ಸಿಗುತ್ತದೆ: ಬಲಗಾಲಿಗೆ ಅಂಗೈಯಷ್ಟು ಅಗಲದ ಒಂದು ಕಲೆ, ಎಡಗಾಲು ಊರುವಲ್ಲಿ ಇನ್ನೊಂದು. ಪಕ್ಕದಲ್ಲಿ ದಾರಿ ಓದುವವರು ಎರಡೂ ಪಾದಗಳನ್ನು ಒತ್ತಿ ಕೂರುವ ಓರೆ ಹಲಗೆಯನ್ನೂ ಸೇರಿಸಿಕೊಳ್ಳಿ. ಹಿಡಿತ ಬೇಕಾದದ್ದು ಇಷ್ಟೇ ಜಾಗಕ್ಕೆ. ಉಳಿದ ನೆಲ ಬರಿದಾಗಿಯೇ ಇರಲಿ.

ತೂಕದ ಲೆಕ್ಕ

ಚಾಲಕನ ಕಾಲಡಿಗೆ 60 ಸೆಂಟಿಮೀಟರ್ ಉದ್ದ, 50 ಸೆಂಟಿಮೀಟರ್ ಅಗಲದ ಹಲಗೆ ಎಂದುಕೊಳ್ಳೋಣ. 2 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಆದರೆ ಸುಮಾರು 1.6 ಕಿಲೋ, ಒಂದೂವರೆ ಮಿಲಿಮೀಟರ್ ಆದರೆ 1.2 ಕಿಲೋ. 3 ಮಿಲಿಮೀಟರ್ ದಪ್ಪದ ರಬ್ಬರ್ ಕೂಡ ಹೆಚ್ಚುಕಡಿಮೆ ಅಷ್ಟೇ ತೂಗುತ್ತದೆ, ಆದರೆ ಅದಕ್ಕೆ ತನ್ನದೇ ಬಿಗಿ ಇಲ್ಲ. 1 ಮಿಲಿಮೀಟರ್ ಕಾರ್ಬನ್ ಫೈಬರ್ ಅರ್ಧ ಕಿಲೋಗೂ ಕಡಿಮೆ.

ಹಾಗಿದ್ದರೆ ಕಾರ್ಬನ್ ಫೈಬರನ್ನೇ ಹಾಕಬಾರದೇ? ಹಣವಿದ್ದವರು ಹಾಕಲಿ, ಎರಡು ಎಚ್ಚರಿಕೆಯೊಂದಿಗೆ. ಅದರ ನುಣುಪು ಮೈ ಒದ್ದೆಯಾದರೆ ಜಾರುತ್ತದೆ. ಮತ್ತೆ, ಉಪ್ಪು ತೇವದಲ್ಲಿ ಅಲ್ಯೂಮಿನಿಯಂ ರಿವೆಟ್ ಕಾರ್ಬನ್ನಿಗೆ ತಾಗಿದ್ದರೆ ರಿವೆಟ್ಟೇ ಸವೆದು ಪುಡಿಯಾಗುತ್ತದೆ. ನಮ್ಮಂಥ ಕರಾವಳಿಯವರಿಗೆ ಒಂದೂವರೆ ಮಿಲಿಮೀಟರಿನ ಅಲ್ಯೂಮಿನಿಯಂ ಸಾಕೆಂದು ನನ್ನ ಅಭಿಪ್ರಾಯ. ಬಾಗಿದರೆ ಗುದ್ದಿ ನೇರ ಮಾಡಬಹುದು. ನೆಲದಿಂದ ಒಂದೆರಡು ಬೆರಳು ಎತ್ತರಿಸಿ ಕೂರಿಸಿದರೆ ಅಡಿಯಲ್ಲಿ ಹಾದುಹೋಗುವ ಸೈಲೆನ್ಸರ್ ಕೊಳವೆಯ ಕಾವೂ ತೆಳು ಬೂಟಿಗೆ ಅಷ್ಟಾಗಿ ತಟ್ಟುವುದಿಲ್ಲ. ಹಗುರವೆಂದು ಫೋಮ್ ಹಾಸುವವರಿದ್ದಾರೆ. ಅದರ ಒಂದು ತುಂಡಿಗೆ ಹೊರಗೆ ಬಯಲಿನಲ್ಲಿ ಬೆಂಕಿ ತಾಗಿಸಿ ನೋಡಿ, ಆಮೇಲೆ ಆ ಮಾತೇ ಎತ್ತುವುದಿಲ್ಲ.

ಹಿಡಿತದ ಪರೀಕ್ಷೆ

ಒಣಗಿದ ನೆಲದಲ್ಲಿ ಎಲ್ಲವೂ ಹಿಡಿಯುತ್ತದೆ. ಜಾರಿಸುವುದು ಬೂಟಿಗೂ ಹಲಗೆಗೂ ನಡುವೆ ನಿಲ್ಲುವ ನೀರು ಮತ್ತು ಜೇಡಿ. ಅದು ಪಕ್ಕಕ್ಕೆ ಸರಿದುಹೋಗಲು ದಾರಿ ಇರಬೇಕು. ಅಂಗಡಿಯಲ್ಲಿ ಕೈಯಿಂದ ಸವರಿ ಆರಿಸಿದರೆ ಇದು ತಿಳಿಯುವುದಿಲ್ಲ. ಒಂದು ಮೀಟರ್ ಉದ್ದದ ಹಲಗೆಗೆ ಹಾಸಿನ ತುಂಡು ಅಂಟಿಸಿ, ಅಂಗಳದ ಕೆಂಪು ಮಣ್ಣನ್ನು ನೀರಿನಲ್ಲಿ ಕಲಸಿ ಅದರ ಮೇಲೆ ಸುರಿಯಿರಿ. ಬೂಟಿನೊಳಗೆ ಕಲ್ಲು ತುಂಬಿ ಇಟ್ಟು, ಹಲಗೆಯ ಒಂದು ತುದಿಯನ್ನು ಮೆಲ್ಲಗೆ ಎತ್ತಿ. ತುದಿ ಅರ್ಧ ಮೀಟರ್ ಏರಿದಾಗ ಓರೆ 30 ಡಿಗ್ರಿ. ಅಷ್ಟಕ್ಕೂ ಬೂಟು ಜಾರದಿದ್ದರೆ ಹಾಸು ನನ್ನ ಪರೀಕ್ಷೆಯಲ್ಲಿ ಪಾಸು.

ಮರಳು ಕಾಗದದಂಥ ಗ್ರಿಪ್ ಟೇಪ್ ಇದರಲ್ಲಿ ಸುಲಭವಾಗಿ ಗೆಲ್ಲುತ್ತದೆ. ತೀರಾ ಒರಟಾದದ್ದು ಮಾತ್ರ ಬೇಡ. ಬ್ರೇಕ್ ಒತ್ತಿಕೊಂಡೇ ಆಕ್ಸಿಲರೇಟರ್ ತಟ್ಟುವವರ ಹಿಮ್ಮಡಿ ಅಲ್ಲಿಯೇ ತಿರುಗಬೇಕು, ಕಚ್ಚಿ ಹಿಡಿದರೆ ಪಾದ ತಡವರಿಸುತ್ತದೆ, ಬೂಟೂ ಬೇಗ ಸವೆಯುತ್ತದೆ. ಬಲ ಹಿಮ್ಮಡಿಗೆ ನಯವಾದ ಟೇಪು, ಎಡಗಾಲಿಗೂ ಪಕ್ಕದವರ ಹಲಗೆಗೂ ಒರಟು ಟೇಪು, ಇದು ನಾನು ಉಳಿಸಿಕೊಂಡ ಹಂಚಿಕೆ. ಅಂಟಿಸುವ ಕೆಲಸವನ್ನು ಬಿಸಿಲು ಕಂಡ ದಿನವೇ ಮಾಡಿ. ಹಲಗೆಯನ್ನು ಸ್ಪಿರಿಟ್‌ನಿಂದ ಒರೆಸಿ, ಟೇಪಿನ ಮೂಲೆಗಳನ್ನು ದುಂಡಗೆ ಕತ್ತರಿಸಿ. ಚೂಪು ಮೂಲೆ ಮೊದಲ ಮಳೆಗೇ ಎದ್ದು ನಿಲ್ಲುತ್ತದೆ.

ಬಿಗಿಯುವಾಗ

ಡ್ರಿಲ್ ಹಿಡಿಯುವ ಮುನ್ನ ಕಾರಿನ ಅಡಿಗೆ ನುಗ್ಗಿ ಬ್ರೇಕ್ ಮತ್ತು ಪೆಟ್ರೋಲ್ ಕೊಳವೆಗಳು ಎಲ್ಲಿ ಹಾದುಹೋಗಿವೆ ಎಂದು ನೋಡಿಕೊಳ್ಳಿ. ಕಾಲು ತಿರುವಿಗೆ ಬಿಚ್ಚಿಕೊಳ್ಳುವ ತಿರುಪುಗಳಾದರೆ ಹಲಗೆ ತೆಗೆದು ತೊಳೆಯಲು ಅನುಕೂಲ. ಏನೇ ಆದರೂ ಹಾಸು ಸಡಿಲವಾಗಿ ಬಿದ್ದಿರಬಾರದು. ಪೆಡಲಿಗೆ ನೆಲಹಾಸು ಸಿಕ್ಕಿಕೊಳ್ಳುವ ಭಯದಿಂದಲೇ 2009ರಲ್ಲಿ ಅಮೆರಿಕದಲ್ಲಿ ಟೊಯೊಟಾ ಸುಮಾರು 38 ಲಕ್ಷ ವಾಹನಗಳ ವಾಪಸಾತಿ ಘೋಷಿಸಿತ್ತು, ಅವೆಲ್ಲ ದಿನಬಳಕೆಯ ವಾಹನಗಳು. ಬಿಗಿದ ಮೇಲೆ ಮೂರೂ ಪೆಡಲುಗಳನ್ನು ಕೈಯಿಂದಲೇ ಕೊನೆಯವರೆಗೆ ಒತ್ತಿ, ಯಾವುದೂ ಹಲಗೆಯ ಅಂಚಿಗೆ ತಾಗುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಿ.

ಇನ್ನು ಬಾಗಿಲ ಜೇಬಿನಲ್ಲಿ ಒಂದು ಗೋಣಿಯ ತುಂಡು ಇಟ್ಟುಕೊಳ್ಳಿ. ಮಳೆಯಲ್ಲಿ ಹತ್ತುವಾಗ ಮೊದಲು ಸೀಟಿನಲ್ಲಿ ಕುಳಿತು, ಕಾಲು ಹೊರಗೆ ಇರುವಾಗಲೇ ಎರಡೂ ಬೂಟುಗಳ ಅಡಿಯನ್ನು ಒರೆಸಿ ಒಳಗೆಳೆದುಕೊಳ್ಳಿ. ಅದರ ತೂಕವನ್ನು ನಾನು ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ.