ಪೈಪಿನ ಗಾಳಿ ಬಿಡಿಸಿದ ಮೇಲೆಯೇ ಪ್ರೆಶರ್ ಟೆಸ್ಟ್: ನನ್ನ ಅನುಭವ

ಮಲೆನಾಡಿನ ಹಳ್ಳಿಗಳಿಗೆ ಕುಡಿಯುವ ನೀರಿನ ಪೈಪ್‌ಲೈನ್ ಹಾಕುವ ಕೆಲಸದಲ್ಲಿ ನಾನು ಬಹಳ ವರ್ಷಗಳಿಂದ ಇದ್ದೇನೆ. ಹಾಕಿದ ಲೈನಿಗೆ ನೀರು ತುಂಬಿ, ಒತ್ತಡ ಏರಿಸಿ, ಎಲ್ಲಾದರೂ ಸೋರುತ್ತದೆಯೇ ಎಂದು ನೋಡುವುದೇ ಪ್ರೆಶರ್ ಟೆಸ್ಟ್. ಇಲ್ಲಿ ಲೈನು ಗುಡ್ಡ ಹತ್ತಿ, ಹಳ್ಳಕ್ಕೆ ಇಳಿದು, ಮತ್ತೆ ಹತ್ತುವುದರಿಂದ ಪ್ರತಿಯೊಂದು ಏರಿನ ನೆತ್ತಿಯಲ್ಲೂ ಗಾಳಿ ಕಟ್ಟಿಕೊಳ್ಳುತ್ತದೆ. ಗಾಳಿ ಹಿಡಿದರೆ ನೀರು ಮುಂದಕ್ಕೆ ಹೋಗುವುದಿಲ್ಲವೆಂಬುದು ಎಲ್ಲ ನೀರುಗಂಟಿಗಳಿಗೂ ಗೊತ್ತು. ಅದೇ ಗಾಳಿ ಒತ್ತಡಕ್ಕೆ ಸಿಕ್ಕಿಕೊಂಡಾಗ ಪಕ್ಕದಲ್ಲಿ ನಿಂತವರ ಜೀವಕ್ಕೇ ಅಪಾಯವೆಂಬುದು ಅಷ್ಟಾಗಿ ಗೊತ್ತಿಲ್ಲ.

ನೀರು ಅದುಮಿದರೆ ಕುಗ್ಗುವ ವಸ್ತುವಲ್ಲ. ಅದರ ಗಾತ್ರ ನೂರರಲ್ಲಿ ಒಂದು ಪಾಲು ಇಳಿಯಬೇಕಾದರೂ ಸುಮಾರು 220 ಬಾರ್ ಒತ್ತಡ ಬೇಕು (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ). ಹಾಗಾಗಿ ಬರೀ ನೀರು ತುಂಬಿದ ಲೈನಿನಲ್ಲಿ ಜಾಯಿಂಟ್ ಬಿಟ್ಟರೆ ಒಂದಿಷ್ಟು ನೀರು ಚಿಮ್ಮಿ, ಒತ್ತಡ ತೋರಿಸುವ ಗೇಜಿನ ಮುಳ್ಳು ತಟ್ಟನೆ ಕೆಳಗಿಳಿಯುತ್ತದೆ. ಗಾಳಿಯಾದರೋ ಗೇಜಿನ 6 ಬಾರ್ ಒತ್ತಡದಲ್ಲಿ (ಸುತ್ತಲಿನ ಗಾಳಿಯದೂ ಸೇರಿ 7) ಏಳರಲ್ಲಿ ಒಂದು ಪಾಲಿಗೆ ಕುಗ್ಗಿ, ಜಗ್ಗಿ ಹಿಡಿದ ಬಿಲ್ಲಿನಂತೆ ಕಾಯುತ್ತಿರುತ್ತದೆ. ಅಷ್ಟೇ ಜಾಗದ ನೀರಿನಲ್ಲಿರುವುದಕ್ಕಿಂತ ಸಾವಿರಾರು ಪಟ್ಟು ಶಕ್ತಿ ಅದರಲ್ಲಿ ಅಡಗಿರುತ್ತದೆ. ಪೈಪು ಒಡೆದಾಗ ಅದೆಲ್ಲವೂ ಒಂದೇ ಕ್ಷಣದಲ್ಲಿ ಹೊರಬಂದು, ಪಿವಿಸಿ ಚೂರುಗಳು ಚಾಕುವಿನ ಅಲಗಿನಷ್ಟು ಹರಿತವಾಗಿ ಸಿಡಿಯುತ್ತವೆ. 110 ಮಿ.ಮೀ. ಪೈಪಿನ ತುದಿ ಮುಚ್ಚುವ ಎಂಡ್ ಕ್ಯಾಪಿನ ಮೇಲೆ ಈ ಒತ್ತಡದಲ್ಲಿ ಸುಮಾರು ಅರ್ಧ ಟನ್ ಬಲ ಬೀಳುತ್ತದೆ. ಹಿಂದೆ ಗಾಳಿಯಿದ್ದರೆ ಕ್ಯಾಪ್ ಕಳಚಿ ಹಾರಿದ ಮೇಲೂ ಆ ಬಲ ಅದನ್ನು ತಳ್ಳುತ್ತಲೇ ಇರುತ್ತದೆ.

ಆದ್ದರಿಂದ ನಾನು ಲೈನನ್ನು ಯಾವಾಗಲೂ ತಗ್ಗಿನ ತುದಿಯಿಂದ, ಗೇಟ್ ವಾಲ್ವನ್ನು ಸ್ವಲ್ಪವೇ ತೆರೆದು, ನಿಧಾನವಾಗಿ ತುಂಬಿಸುತ್ತೇನೆ. ಎತ್ತರದಲ್ಲಿರುವ, ಗಾಳಿ ಹೊರಬಿಡುವ ಏರ್ ವಾಲ್ವ್‌ಗಳ ಬಳಿ ಒಬ್ಬೊಬ್ಬರನ್ನು ನಿಲ್ಲಿಸುತ್ತೇನೆ. ಮೊದಲು ಬುಸ್ಸೆಂದು ಗಾಳಿ ಬರುತ್ತದೆ, ಆಮೇಲೆ ನೀರು ಉಗುಳುತ್ತ ಹಾಲಿನಂತೆ ಬೆಳ್ಳಗೆ ಬರುತ್ತದೆ. ಹುಡುಗರು ಅವಸರಪಟ್ಟು ವಾಲ್ವ್ ಮುಚ್ಚಲು ಹೊರಡುವುದು ಇದೇ ಹೊತ್ತಿಗೆ. ಆ ಬಿಳುಪೆಲ್ಲ ಸಣ್ಣ ಸಣ್ಣ ಗಾಳಿಗುಳ್ಳೆಗಳು; ಧಾರೆ ತಿಳಿಯಾಗಿ, ತಡವರಿಸದೆ ಸುರಿಯುವವರೆಗೂ ಮುಚ್ಚಲು ನಾನು ಬಿಡುವುದಿಲ್ಲ.

ಆಮೇಲೂ ಪರೀಕ್ಷೆ ಉಳಿದಿರುತ್ತದೆ. ಕೈಪಂಪಿನಿಂದ ಒತ್ತಡ ಏರಿಸುವಾಗ ಪ್ರತಿ ಒತ್ತಿಗೂ ಮುಳ್ಳು ಚುರುಕಾಗಿ ಮೇಲೇರಬೇಕು. ಒತ್ತಿದಷ್ಟೂ ಮುಳ್ಳು ಸೋಮಾರಿಯಂತೆ ತೆವಳುತ್ತಿದ್ದು, ಎಲ್ಲೂ ಸೋರಿಕೆ ಕಾಣದಿದ್ದರೆ ಒಳಗೆ ಗಾಳಿಯಿದೆಯೆಂದೇ ತಿಳಿದು ಒತ್ತಡ ಇಳಿಸಿ, ಮತ್ತೆ ಏರ್ ವಾಲ್ವ್‌ಗಳತ್ತ ಹೋಗುತ್ತೇನೆ. ಕ್ಯಾಪ್ ಬಿಚ್ಚುವ ಮುನ್ನ ಗೇಜ್ ಸೊನ್ನೆ ತೋರಿಸಿದರೆ ಸಾಲದು, ಏಕೆಂದರೆ ಮುಚ್ಚಿದ ಎರಡು ವಾಲ್ವ್‌ಗಳ ನಡುವೆ ಸಿಕ್ಕಿಕೊಂಡ ಗಾಳಿ ದೂರದ ಗೇಜಿಗೆ ಕಾಣಿಸುವುದಿಲ್ಲ. ನಡುವಿನ ವಾಲ್ವ್‌ಗಳನ್ನೂ ತೆರೆದು, ಕ್ಯಾಪಿಗೆ ಎದುರಾಗದೆ ಪಕ್ಕಕ್ಕೆ ನಿಂತು ಬಿಚ್ಚಿಸುತ್ತೇನೆ.

ಬೇಸಿಗೆಯಲ್ಲಿ ನೀರಿಲ್ಲವೆಂದು ಕಂಪ್ರೆಸರ್ ಹಚ್ಚಿ ಗಾಳಿಯಿಂದಲೇ ಟೆಸ್ಟ್ ಮಾಡಿಕೊಡಿ ಎನ್ನುವವರಿದ್ದಾರೆ. ಬಿಲ್ ತಡವಾದರೂ ಸರಿ, ಟ್ಯಾಂಕರ್ ನೀರು ಬರುವವರೆಗೆ ನಾನು ಕಾಯುತ್ತೇನೆ.