ಸರ್ಫ್‌ಬೋರ್ಡ್, ಕೈಟ್‌ಬೋರ್ಡ್‌ಗೆ ಬಾಗುವ ಎಪಾಕ್ಸಿ ರೆಸಿನ್ ಆರಿಸುವುದು ಹೇಗೆ?

ಡಬ್ಬಿ ಮೇಲೆ 'ಫ್ಲೆಕ್ಸಿಬಲ್' ಅಂತ ಇದೆ ಎಂದು ಸುಮ್ನೆ ಕೊಳ್ಳಬೇಡಿ. ತಯಾರಕರು ಕೊಡುವ ಮಾಹಿತಿ ಹಾಳೆ, ಅಂದರೆ ಡೇಟಾಶೀಟ್ ತೆಗೆದು, ಮುರಿಯುವ ಮುಂಚೆ ರೆಸಿನ್ (ನಾರನ್ನು ಹಿಡಿದು ಗಟ್ಟಿಯಾಗುವ ಅಂಟು) ಶೇಕಡಾ ಎಷ್ಟು ಹಿಗ್ಗುತ್ತದೆ ಅಂತ ನೋಡಿ. ಬೋರ್ಡಿನ ಹೊದಿಕೆಯಲ್ಲಿರುವ ಗ್ಲಾಸ್ ನಾರು ಸುಮಾರು ಶೇ 4-5 ಹಿಗ್ಗಿ ತುಂಡಾಗುತ್ತದೆ. ರೆಸಿನ್ ಅದಕ್ಕಿಂತ ಮೊದಲೇ ಬಿರುಕು ಬಿಟ್ಟರೆ ನೀರು ಒಳಗೆ ಇಳಿಯುತ್ತದೆ, ಅದಕ್ಕೇ ಶೇ 5-6 ಆದರೂ ಇರಲಿ. ದೊಡ್ಡ ಗಾಳಿಪಟ ಹಿಡಿದು ನೀರಿನ ಮೇಲೆ ಸವಾರಿ ಮಾಡುವ, ಪ್ರತಿ ಜಿಗಿತಕ್ಕೂ ಬಾಗುವ ಕೈಟ್‌ಬೋರ್ಡ್‌ಗಂತೂ ಇದು ಬೇಕೇ ಬೇಕು. ಹಾಗಂತ ರಬ್ಬರಿನಂಥ ರೆಸಿನ್ ಬೇಡ. ಅದು ನಾರನ್ನು ಬಿಗಿಯಾಗಿ ಹಿಡಿಯುವುದಿಲ್ಲ, ಸರ್ಫ್‌ಬೋರ್ಡ್ ಮೇಲೆ ಪಾದ ಊರಿದ ಕಡೆ ತಗ್ಗು ಬೀಳುತ್ತದೆ.

ಜಾಸ್ತಿ ಬಾಗುವ ರೆಸಿನ್ ಸಾಮಾನ್ಯವಾಗಿ ಕಡಿಮೆ ಬಿಸಿಗೇ ಮೆತ್ತಗಾಗುತ್ತದೆ. ಬೋರ್ಡನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡುತ್ತೀರಿ ಅಲ್ವಾ? ಹಾಗಾದರೆ ಟಿಜಿ (ಗಟ್ಟಿಯಾದ ರೆಸಿನ್ ಮೆತ್ತಗಾಗಲು ಶುರುವಾಗುವ ಬಿಸಿ) 60 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುವುದನ್ನೇ ಹುಡುಕಿ.

ರೆಸಿನ್ ಗಟ್ಟಿಯಾಗಲು ಬೆರೆಸುವ ಹಾರ್ಡನರ್ ಕಡಿಮೆ ಹಾಕಿ ಬಾಗುವಂತೆ ಮಾಡಲು ಹೋಗಬೇಡಿ, ರೆಸಿನ್ ಪೂರ್ತಿ ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯುತ್ತದೆ. ಹೇಳಿದ ಅಳತೆಯನ್ನು ತೂಕ ಮಾಡಿಯೇ ಬೆರೆಸಿ.

ದೊಡ್ಡ ಡಬ್ಬಿ ಕೊಳ್ಳುವ ಮುಂಚೆ ಚಿಕ್ಕ ಡಬ್ಬಿ ತಂದು, ಎರಡು ಪದರ ಗ್ಲಾಸ್ ಬಟ್ಟೆಯ ಪಟ್ಟಿ ಮಾಡಿ ವಾರ ಬಿಟ್ಟು ಬಗ್ಗಿಸಿ. ಬಾಗಿದ ಜಾಗದಲ್ಲಿ ಬಿಳಿ ಗೆರೆ ಬೇಗ ಮೂಡಿದರೆ ಆ ರೆಸಿನ್ ಬಿಡಿ.