ನೀರು ಬಿಡಿ, ಕೇಕ್ ಮಿಕ್ಸ್‌ನಲ್ಲೇ ಕುಕೀಸ್ ಮಾಡಿ

ಕೇಕ್ ಮಿಕ್ಸ್ ಡಬ್ಬದ ಹಿಂದೆ ಸಾಮಾನ್ಯವಾಗಿ ಒಂದು ಕಪ್ ನೀರು, ಮೂರು ಮೊಟ್ಟೆ, ಅರ್ಧ ಕಪ್ ಎಣ್ಣೆ ಅಂತ ಬರೆದಿರುತ್ತದೆ. ಕುಕೀಸ್ ಬೇಕಿದ್ದರೆ ನೀರನ್ನು ಪೂರ್ತಿ ಬಿಡಿ, ಒಂದು ಮೊಟ್ಟೆ ಕಡಿಮೆ ಮಾಡಿ. ಗುಟ್ಟು ಇಷ್ಟೇ. ಮೈದಾ, ಸಕ್ಕರೆ, ಉಬ್ಬಿಸುವ ಪುಡಿ, ಉಪ್ಪು ಎಲ್ಲ ಆ ಮಿಕ್ಸ್‌ನಲ್ಲೇ ಇದೆ. ನೀರು ಬಿದ್ದರೆ ಸುರಿಯುವ ಹದ, ಅದು ಕೇಕ್. ಬೀಳದಿದ್ದರೆ ಉಂಡೆ ಕಟ್ಟುವ ಹದ, ಅದು ಕುಕಿ.

ಸುಮಾರು 430 ಗ್ರಾಂ ಮಿಕ್ಸ್‌ಗೆ 2 ಮೊಟ್ಟೆ, 120 ಮಿಲಿ ಎಣ್ಣೆ ಸಾಕು. ಚಾಕೊಲೇಟ್ ಚಿಪ್ಸ್ ಒಂದು ಕಪ್ ತನಕ ಹಾಕಬಹುದು. ಎಲ್ಲ ಡಬ್ಬಗಳೂ ಒಂದೇ ತೂಕ ಇರುವುದಿಲ್ಲ, ಮೊದಲು ಅದನ್ನು ನೋಡಿಕೊಳ್ಳಿ. 250 ಗ್ರಾಂ ಪ್ಯಾಕೆಟ್ ಆದರೆ 1 ಮೊಟ್ಟೆ, 70 ಮಿಲಿ ಎಣ್ಣೆ.

ಮೊದಲು ಓವನ್ ಅನ್ನು 175 ಡಿಗ್ರಿ ಸೆಲ್ಸಿಯಸ್‌ಗೆ ಕಾಯಲು ಇಡಿ. ಟ್ರೇ ಮೇಲೆ ಬೇಕಿಂಗ್ ಪೇಪರ್ ಹಾಸಿ.

ಮೊಟ್ಟೆ, ಎಣ್ಣೆ ಸೇರಿಸಿ ಚೆನ್ನಾಗಿ ಕಲಕಿ, ಆಮೇಲೆ ಮಿಕ್ಸ್ ಸುರಿಯಿರಿ. ಇಲ್ಲೇ ಎಲ್ಲರಿಗೂ ಕೈ ತುರಿಸುತ್ತದೆ. ಒಂದು ನಿಮಿಷ ಕಲಸಿದರೂ ಬೌಲ್ ತಳದಲ್ಲಿ ಒಣ ಪುಡಿ ಹಾಗೇ ಇರುತ್ತದೆ. ಸ್ವಲ್ಪ ಹಾಲು ಹಾಕೋಣ ಅನ್ನಿಸುತ್ತದೆ, ಅಲ್ವಾ? ಹಾಕಬೇಡಿ. ಗಟ್ಟಿ ಚಮಚ ತಗೊಂಡು ತಳದಿಂದ ಮೇಲಕ್ಕೆ ಒತ್ತಿ ಒತ್ತಿ ಇನ್ನೆರಡು ನಿಮಿಷ ಕಲಸಿ. ಪುಡಿ ಮಾಯವಾಗಿ, ಎಣ್ಣೆಯ ಹೊಳಪಿರುವ ಅಂಟು ಮುದ್ದೆ ಆಗುತ್ತದೆ. ಚಿಪ್ಸ್ ಸೇರಿಸುವುದು ಆಗಲೇ. ಬೆರಳಿಗೆ ಹತ್ತಿದ ಹಿಟ್ಟನ್ನು ನೆಕ್ಕುವ ಆಸೆ ಆಗುತ್ತದೆ ನಿಜ, ಆದರೆ ಹಸಿ ಮೊಟ್ಟೆ ಮಾತ್ರ ಅಲ್ಲ, ಹಸಿ ಮೈದಾದಲ್ಲೂ ಹೊಟ್ಟೆ ಕೆಡಿಸುವ ರೋಗಾಣು ಇರಬಹುದು.

ಹಿಟ್ಟು ಕೈಗೆ ತುಂಬಾ ಅಂಟಿದರೆ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಉಂಡೆ ಕಟ್ಟುವುದು ಸುಲಭವಾಗುತ್ತದೆ, ಬೇಯುವಾಗ ಜಾಸ್ತಿ ಹರಡುವುದೂ ಇಲ್ಲ. ನಿಂಬೆಹಣ್ಣಿಗಿಂತ ಚಿಕ್ಕ ಉಂಡೆಗಳನ್ನು ಮಾಡಿ, ಎರಡು ಉಂಡೆಗಳ ನಡುವೆ 5 ಸೆಂಟಿಮೀಟರ್ ಜಾಗ ಬಿಡಿ. ಚಾಕೊಲೇಟ್ ಮಿಕ್ಸ್ ಆದರೆ ಉಂಡೆಯನ್ನು ಪುಡಿ ಸಕ್ಕರೆಯಲ್ಲಿ ದಪ್ಪಗೆ ಹೊರಳಿಸಿ. ಬೇಯುತ್ತಾ ಬಿರಿದು, ಬಿಳಿ ಮೇಲ್ಮೈ ನಡುವೆ ಕಪ್ಪು ಗೆರೆಗಳು ಮೂಡುತ್ತವೆ. ನನಗಂತೂ ಎಲ್ಲಕ್ಕಿಂತ ಇದೇ ಇಷ್ಟ.

ಬೇಯಿಸಲು 8ರಿಂದ 10 ನಿಮಿಷ ಸಾಕು. ಅಂಚು ಗಟ್ಟಿಯಾಗಿ, ನಡು ಇನ್ನೂ ಮೆತ್ತಗೆ, ಸ್ವಲ್ಪ ಉಬ್ಬಿದ ಹಾಗೆ ಕಂಡಾಗಲೇ ಹೊರಗೆ ತೆಗೆಯಿರಿ. ನಾನು ಮೊದಲ ಸಲ ಬೆರಳಲ್ಲಿ ಒತ್ತಿ ನೋಡಿ, ಮೆತ್ತಗಿದೆ ಅಂತ ಇನ್ನೂ ಐದು ನಿಮಿಷ ಬಿಟ್ಟೆ. ತಣ್ಣಗಾದ ಮೇಲೆ ಚಹಾದಲ್ಲಿ ಅದ್ದದೆ ಕಚ್ಚಲು ಆಗಲಿಲ್ಲ. ಓವನ್‌ನಿಂದ ತೆಗೆದ ಮೇಲೂ ಟ್ರೇ ಬಿಸಿಗೆ ನಡು ಬೇಯುತ್ತಲೇ ಇರುತ್ತದೆ, ಆರುತ್ತಾ ಗಟ್ಟಿಯಾಗುತ್ತದೆ. ಐದು ನಿಮಿಷ ಟ್ರೇಯಲ್ಲೇ ಬಿಟ್ಟು, ಆಮೇಲೆ ಜಾಲರಿ ಮೇಲೆ ಹಾಕಿ. ತಕ್ಷಣ ಎತ್ತಿದರೆ ಮುರಿಯುತ್ತದೆ. ಎರಡನೇ ಸುತ್ತಿಗೆ ಟ್ರೇ ಪೂರ್ತಿ ಆರಿರಬೇಕು. ಬಿಸಿ ಟ್ರೇ ಮೇಲಿಟ್ಟರೆ ಹಿಟ್ಟು ಬೇಯುವ ಮೊದಲೇ ಕರಗಿ ಹರಡಿ, ಕುಕೀಸ್ ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಎಣ್ಣೆಯ ಬದಲು ಅಷ್ಟೇ ಬೆಣ್ಣೆ ಕರಗಿಸಿ ಹಾಕಿದರೆ ಪರಿಮಳ ಜಾಸ್ತಿ. ಆಗ ಹಿಟ್ಟನ್ನು ಫ್ರಿಜ್‌ನಲ್ಲಿಡುವುದನ್ನು ಮರೆಯಬೇಡಿ. ಮೊಟ್ಟೆ ಬೇಡ ಅನ್ನುವವರು ಒಂದೊಂದಕ್ಕೆ ಕಾಲು ಕಪ್ ಗಟ್ಟಿ ಮೊಸರು ಹಾಕಬಹುದು. ಆದರೆ ಅದು ಅರ್ಧ ಕೇಕಿನ ಹಾಗೆ ಮೆತ್ತಗೆ ಬರುತ್ತದೆ, ಗರಿ ಅಂಚು ಸಿಗುವುದಿಲ್ಲ.

ಗಾಳಿಯಾಡದ ಡಬ್ಬದಲ್ಲಿಟ್ಟರೆ ನಾಲ್ಕೈದು ದಿನ ಚೆನ್ನಾಗಿರುತ್ತವೆ. ಎಲ್ಲವನ್ನೂ ಒಂದೇ ದಿನ ಬೇಯಿಸಬೇಕಿಲ್ಲ. ಉಂಡೆ ಕಟ್ಟಿ ಫ್ರೀಜರ್‌ಗೆ ಹಾಕಿಟ್ಟರೆ, ಬೇಕೆನಿಸಿದಾಗ ನಾಲ್ಕೇ ನಾಲ್ಕು ತೆಗೆದು ಹಾಗೇ ಓವನ್‌ಗೆ ಇಡಬಹುದು. ಎರಡು ನಿಮಿಷ ಜಾಸ್ತಿ ಹಿಡಿಯುತ್ತದೆ, ಅಷ್ಟೇ.